ಸ್ಟೆಪ್ನಿಗೆ ಪೂಜೆಯಾಗಿತ್ತು, ಗಾಳಿ ಇರಲಿಲ್ಲ

ಹೊಳೆ ದಾಟಿ

ನಮ್ಮ ಧಾರವಾಡದಲ್ಲಿ ವಿದೇಶಕ್ಕೆ ಹೋಗಿಬಂದವರೆಲ್ಲ ಒಂದು ಲೇಖನ ಬರೆಯುತ್ತಾರೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಅಷ್ಟಕ್ಕೇ ಲೇಖನ ಬರೆಯದೆ ಸುಮ್ಮನಿರುವಷ್ಟು ಸಂಭಾವಿತ ನಾನಲ್ಲ. ನಾನು ಹಾಸನ ಜಿಲ್ಲೆಗೆ ಹೋಗಿದ್ದೆ.

ನಗಬೇಡಿ, ಪೂರ್ತಿ ಕೇಳಿ. ಅಲ್ಲಿ ಊಟಕ್ಕೆ ರೊಟ್ಟಿ ಇಲ್ಲ. ಚಾ ಕೇಳಿದರೆ ಕಾಫಿ ಕೊಡುತ್ತಾರೆ. ಜೋಳ ಎಂದರೆ ನಮ್ಮ ಗೋವಿನಜೋಳ. ಇನ್ನು 'ಹ' ಎಂಬ ಅಕ್ಷರವನ್ನು ಆ ಜನ ಹಬ್ಬಕ್ಕೂ ಹೊರಗೆ ತೆಗೆಯುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹಬ್ಬವೂ ಅಬ್ಬವೇ. ತುಂಗಭದ್ರೆ ದಾಟಿ ಒಂದು ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿ ಎದ್ದರೆ ಇಷ್ಟೆಲ್ಲ ಬದಲಾಗಿರುತ್ತದೆಂದರೆ ಅದು ವಿದೇಶವಲ್ಲದೆ ಇನ್ನೇನು?

ನಾನು ದನಿ ಕದಿಯುವವನು. ಮಿಮಿಕ್ರಿ ಅನ್ನಿ. ಗಣಪತಿ ಪೆಂಡಾಲಿನಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ ಕಂಡಕ್ಟರು, ಕುಕ್ಕರು, ನಮ್ಮ ಸೋದರಮಾವ, ಎಲ್ಲರ ದನಿ ತೆಗೆಯುತ್ತೇನೆ. ವಾಹನಗಳ ದನಿಯಂತೂ ನನ್ನ ವಿಶೇಷ. ಡೀಸೆಲ್ ಜೀಪು ಚಳಿಯಲ್ಲಿ ಕೆಮ್ಮುವುದು, ಟ್ರ್ಯಾಕ್ಟರು ಏರು ಹತ್ತುವಾಗ ಅಳುವುದು, ಎಲ್ಲ ಬರುತ್ತದೆ. ಇದನ್ನೇ ನಂಬಿ ನನ್ನ ಹಳೆಯ ರೂಂಮೇಟ್ ಲೋಕೇಶನ ಹತ್ತಿರ ಒಂದು ಸಲ ಕೊಚ್ಚಿಕೊಂಡಿದ್ದೆ: "ಗಾಡಿ ದನಿ ಕೇಳಿದ್ರ ಸಾಕು ದೋಸ್ತ, ರೋಗ ಏನು ಅಂತ ಹೇಳ್ತೀನಿ." ನಿಜ ಹೇಳಬೇಕೆಂದರೆ, ನನ್ನ ಸೈಕಲ್ಲಿನ ಚೈನು ಬಿದ್ದರೆ ಪಕ್ಕದ ಮನೆಯ ಟೀಚರ್ ಬಂದು ಹಾಕಿಕೊಡುತ್ತಾರೆ.

ಲೋಕೇಶ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವನು. ಬಿ.ಎಡ್. ಓದಲು ಬಂದು ಎರಡು ವರ್ಷ ನನ್ನ ಜೊತೆ ಇದ್ದ. ಹೋದ ಮಾಗಿಯಲ್ಲಿ ಫೋನ್ ಮಾಡಿದ.

"ಲೋ ಬಸು, ನಮ್ಮಜ್ಜೀನ ಚನ್ನರಾಯಪಟ್ಟಣಕ್ಕೆ ಕರ್ಕಂಡೋಗ್ಬೇಕು. ನೀನೂ ಬಾ. ಅಪ್ಪನ ಕಾರು ಐತೆ, ಆದ್ರೆ ಅಳೇದು. ದಾರೀಲಿ ಏನಾರ ಆದ್ರೆ ನೀನಿರ್ತೀಯಲ್ಲ."

ಆ ಕೊನೆಯ ಮಾತಿಗೆ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬ್ಯಾಗು ತುಂಬಿಕೊಂಡು ಬಸ್ಸು ಹತ್ತಿದೆ.

ಹಾಸನ

ಬಸ್‌ಸ್ಟ್ಯಾಂಡಿಗೆ ಲೋಕೇಶ ಕಾರು ತಂದಿದ್ದ. ಬಿಳಿ ಕಾರು. ಅಂದರೆ ಹುಟ್ಟಿದಾಗ ಬಿಳಿ. ಡ್ಯಾಶ್‌ಬೋರ್ಡಿನ ಮೇಲೆ ಮೂವರು ದೇವರು ಮತ್ತು ಒಂದು ಗಡಿಯಾರ. ದೇವರುಗಳು ನಗುತ್ತಿದ್ದರು, ಗಡಿಯಾರ ನಿಂತಿತ್ತು.

ಊರಿಗೆ ಹೋಗುವ ಮೊದಲು ಗಾಡಿ ತೋರಿಸೋಣ ಎಂದು ಅವನು ಬೈಪಾಸ್ ಪಕ್ಕದ ಒಂದು ಗ್ಯಾರೇಜಿಗೆ ಕರೆದೊಯ್ದ. ಅಲ್ಲಿನ ಬಾಷಾ ಮೇಸ್ತ್ರಿಗೆ ಅರವತ್ತು ದಾಟಿರಬೇಕು. ದಪ್ಪ ಕನ್ನಡಕ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು, ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ದನಿ. ಆ ದನಿ ಕೇಳಿದ್ದೇ ನನ್ನ ಗಂಟಲು ತುರಿಸತೊಡಗಿತು.

"ಆಯಿಲ್ ನೋಡಿದ್ರಾ?" ಮೇಸ್ತ್ರಿ ಕೇಳಿದರು.

"ಓಡ್ತಾ ಐತಲ್ಲ ಬಾಷಣ್ಣ," ಲೋಕೇಶ ಅಂದ.

"ಅರೇ, ಓಡ್ತಾ ಇರೋವಾಗ ನೀವು ನೋಡ್ಬೇಕಪ್ಪ. ನಿಂತ್ಮೇಲೆ ನೋಡೋಕೆ ನಾನಿದೀನಿ."

ಬಾನೆಟ್ ಎತ್ತಿ ಇಂಜಿನ್ನಿನ ಹೊಟ್ಟೆಯಿಂದ ಒಂದು ಉದ್ದ ಕಡ್ಡಿ ಎಳೆದರು. ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನನ್ನ ಮೂಗಿನ ಮುಂದೆ ಹಿಡಿದರು. ಕಡ್ಡಿಯ ತುದಿಯಲ್ಲಿ ಎರಡು ಗೆರೆ. ಆಯಿಲು ಎರಡರ ನಡುವೆ ಇರಬೇಕಂತೆ. ಇಲ್ಲಿ ಅದು ಕೆಳಗಿನ ಗೆರೆಗೂ ಎಟುಕದೆ, ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು. ರೇಡಿಯೇಟರಿನಲ್ಲಿ ನೀರು ಅರ್ಧ. ಬ್ಯಾಟರಿಯ ತುದಿಗಳಿಗೆ ಬಿಳಿ ಬೂಷ್ಟು. ಪಕ್ಕದ ಕ್ಯಾಂಟೀನಿನಿಂದ ಒಂದು ಲೋಟ ಬಿಸಿನೀರು ತರಿಸಿ ಅದರ ಮೇಲೆ ಸುರಿದರು. ಬೂಷ್ಟು ನೊರೆ ಬಂದು ಕರಗಿಹೋಯಿತು. ನಾನು ಕುಣಿದುಬಿಟ್ಟೆ. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಯಾರೂ ನನಗೆ ತೋರಿಸಿರಲಿಲ್ಲ.

ನಾಲ್ಕೂ ಚಕ್ರದ ಗಾಳಿ ನೋಡಿ ಕೇಳಿದರು: "ಸ್ಟೆಪ್ನಿ?"

ಲೋಕೇಶ ಹಿಂದಿನ ಡಿಕ್ಕಿ ತೆಗೆದ. ಅಬ್ಬಾ, ಏನು ಸ್ಟೆಪ್ನಿ ಅದು! ಹೆಚ್ಚುವರಿ ಚಕ್ರವಲ್ಲ, ಊರ ದೇವರು. ಮೂರು ಪಟ್ಟೆ ವಿಭೂತಿ, ನಡುವೆ ಅಂಗೈ ಅಗಲದ ಕುಂಕುಮ, ಒಣಗಿದ ಚೆಂಡುಹೂವಿನ ಸರ.

"ಆಯುಧಪೂಜೇಲಿ ಆಚೆ ತೆಗ್ದು ತೊಳ್ದು ಮಡಗಿದ್ದು ಬಾಷಣ್ಣ. ಒಸಾದಂಗೆ ಐತೆ."

"ಪೂಜೆ ಸರಿ. ಗಾಳಿ?"

"ಐತೆ, ಐತೆ," ಎಂದು ಲೋಕೇಶ ಡಿಕ್ಕಿ ಮುಚ್ಚಿದ. ಪೂಜೆಯಾದ ವಸ್ತುವಿನಲ್ಲಿ ಮತ್ತೆ ಕೊರತೆ ಹುಡುಕುವುದು ಅವನ ಮಟ್ಟಿಗೆ ಅಧಿಕಪ್ರಸಂಗ.

ಮೇಸ್ತ್ರಿ ನಮ್ಮಿಬ್ಬರನ್ನೂ ನಿಲ್ಲಿಸಿ ಪಾಠ ಶುರು ಮಾಡಿದರು. "ನೋಡ್ರಪ್ಪ, ದಾರೀಲಿ ಪಂಚರ್ ಆದ್ರೆ ಮೊದ್ಲು ಹ್ಯಾಂಡ್‌ಬ್ರೇಕ್ ಎಳೀರಿ. ಇನ್ನೊಂದು ಚಕ್ರಕ್ಕೆ ಕಲ್ಲು ಕೊಡ್ರಿ. ಜಾಕಿ ಎತ್ತೋಕೆ ಮುಂಚೆ, ಗಾಡಿ ನೆಲದಲ್ಲಿರೋವಾಗ್ಲೇ, ನಟ್ಟು ಒಂದೊಂದು ಸುತ್ತು ಸಡ್ಲ ಮಾಡ್ರಿ..."

ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಅವರ ಹಿಂದೆಯೇ, ಅವರದೇ ದನಿಯಲ್ಲಿ, ಅದೇ ಮಾತು ಒಪ್ಪಿಸತೊಡಗಿದೆ. ಕನ್ನಡಕ ಮೇಲೆ ತಳ್ಳುವ ಕೈ ಸಮೇತ. ಕ್ಯಾಂಟೀನಿನಿಂದ ನಾಲ್ಕು ಜನ ಎದ್ದು ಬಂದರು. ಮೇಸ್ತ್ರಿ ಒಂದು ಕ್ಷಣ ಬೆಪ್ಪಾಗಿ ನಿಂತು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ, ನನ್ ಹೆಂಡ್ತಿ ಕೇಳಿದ್ರೆ ಎರಡು ಜನ ಬಾಷಾ ಅಂತ ಓಡೋಗ್ತಾಳೆ!" ನಗು ನಿಂತ ಮೇಲೆ ಬೆರಳೆತ್ತಿ, "ಕೊನೇ ಮಾತು, ಚಕ್ರ ಹಾಕಿ ಜಾಕಿ ಇಳಿಸಿದ್ಮೇಲೆ..." ಎಂದು ಶುರು ಮಾಡಿದರು. ನಾನು ಅದನ್ನೂ ಮುಗಿಸಲು ಬಿಡದೆ, ಅವರ ದನಿಯಲ್ಲೇ "ಇಳಿಸಿದ್ಮೇಲೆ ಟೀ ಕುಡೀರಿ!" ಎಂದೆ. ಜನ ಚಪ್ಪಾಳೆ ತಟ್ಟಿದರು. ಪಾಠ ಅಲ್ಲಿಗೆ ಮುಗಿಯಿತು.

ಮಲ್ಲಿಪಟ್ಟಣ

ಲೋಕೇಶನ ಅಜ್ಜಿಯ ಹೆಸರು ನಂಜಮ್ಮ. ಸಣ್ಣ ಆಳು, ಕಣ್ಣು ಮಾತ್ರ ಪೊಲೀಸರದು. ಅಂಗಳದಲ್ಲಿ ಶುಂಠಿ ಹರವಿಸುತ್ತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಉಬ್ಳಿ ಉಡ್ಗ ಇವ್ನೇಯಾ?"

"ಧಾರವಾಡ ರೀ ಅಜ್ಜಿ."

"ಎಲ್ಡೂ ಒಂದೇ ಕಣ ಓಗು."

ಹುಬ್ಬಳ್ಳಿ ಧಾರವಾಡ ಒಂದೇ ಎಂದವರನ್ನು ನಮ್ಮ ಕಡೆ ಎರಡೂ ಊರಿನವರು ಸೇರಿ ಹೊಡೆಯುತ್ತಾರೆ. ವಿದೇಶವಲ್ಲವೇ, ಸುಮ್ಮನಾದೆ.

ಸಂಜೆಯೇ ಊಟಕ್ಕೆ ಕೂರಿಸಿದರು. ತಟ್ಟೆಯಲ್ಲಿ ಕ್ರಿಕೆಟ್ ಚೆಂಡಿನಂಥ ರಾಗಿಮುದ್ದೆ, ಸುತ್ತ ಅವರೆಕಾಳಿನ ಸಾರು. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿ ಶಿಸ್ತಾಗಿ ಅಗಿಯತೊಡಗಿದೆ. ಅಗಿದಷ್ಟೂ ಅದು ಬೆಳೆಯಿತು. ಮೇಲಿನ ಹಲ್ಲು ಕೆಳಗಿನ ಹಲ್ಲು ಅಂಟಿಕೊಂಡವು. ಮನೆಯವರೆಲ್ಲ ಕೈ ನಿಲ್ಲಿಸಿ ನನ್ನ ದವಡೆಯನ್ನೇ ನೋಡುತ್ತಿದ್ದರು.

"ಅಯ್ಯೋ ನಿನ್ ಮುದ್ದೆ ತಿನ್ನೋ ಚೆಂದವೇ! ಎತ್ತು ಮೆಲುಕು ಆಕ್ದಂಗೆ ಆಕ್ತಾವ್ನೆ," ಎಂದರು ಅಜ್ಜಿ. "ಅಗೀಬಾರ್ದು ಕಣ್ಲಾ ಮಗ. ಸಾರಲ್ಲಿ ಅದ್ದು, ನುಂಗು. ಅದೇ ಒಳಿಕ್ಕೋಯ್ತದೆ."

ನುಂಗಿದೆ. ಹೋಯಿತು. ಮೂರನೆಯ ತುತ್ತಿಗೆ ನಾನು ಆ ದೇಶದ ಪ್ರಜೆಯಾಗಿದ್ದೆ.

ಊಟವಾದ ಮೇಲೆ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಾ ಅಜ್ಜಿ ನಾಳಿನ ಪ್ರಯಾಣದ ಕಾರಣ ಹೇಳಿದರು. ಚನ್ನರಾಯಪಟ್ಟಣದಲ್ಲಿರುವುದು ಅವರ ಒಡಹುಟ್ಟಿದ ಅಣ್ಣ, ಸಿದ್ದೇಗೌಡರು. ಹನ್ನೆರಡು ವರ್ಷದ ಹಿಂದೆ ಆ ಅಣ್ಣನ ಮಗಳ ಮದುವೆ. ಧಾರೆಯ ಹೊತ್ತಿಗೆ ಸೋದರತ್ತೆ ಪಕ್ಕದಲ್ಲಿರಬೇಕು. ಮುಹೂರ್ತ ಬಂತು, ಹೋಯಿತು, ಸೋದರತ್ತೆ ಬರಲಿಲ್ಲ. ಧಾರೆ ಮುಗಿದು ಜನ ಎಲೆಯ ಮುಂದೆ ಕೂತಾಗ ಇವರು ಕಾರಿನಿಂದ ಇಳಿದರು. ಏನಾಯಿತು ಎಂದು ಅಣ್ಣ ಕೇಳಿದ್ದಕ್ಕೆ, ಟೈರು ಪಂಚರ್ ಆಯಿತು ಎಂದರು.

"ಅಷ್ಟಂದಿದ್ದೇ ತಡ. ಛತ್ರ ತುಂಬಾ ಜನ. 'ಲೇಟಾಗಿ ಬರೋರೆಲ್ಲ ಏಳದು ಪಂಚರ್ ಕತೇನೇಯ. ಸುಳ್ಳಿ!' ಅಂದ್ಬುಟ್ಟ. ನಾನು ಒಂದ್ ಅಗುಳೂ ಮುಟ್ನಿಲ್ಲ. ಬಂದ್ ಕಾಲಲ್ಲೇ ತಿರುಗ್ದೆ."

ಅಲ್ಲಿಂದ ಇಲ್ಲಿಗೆ ಅಣ್ಣ ತಂಗಿ ಮಾತಿಲ್ಲ. ಹೋದ ವಾರ ತಾನಾಗಿಯೇ ಅಣ್ಣನ ಫೋನ್ ಬಂತಂತೆ. ಎರಡೇ ಮಾತು. "ಭಾನುವಾರ ಬಾ. ಒಂದು ಗಂಟೆಗೆ ಎಲೆ ಆಕ್ತೀವಿ."

"ನಂಗೆ ಎಪ್ಪತ್ತೆಲ್ಡು. ಅವುನ್ಗೆ ಎಪ್ಪತ್ತಾರು," ಎಂದು ಅಜ್ಜಿ ಕಾಳಿನ ಸಿಪ್ಪೆ ಕೊಡವಿದರು. "ಈ ಸಲ ತಪ್ಪುದ್ರೆ ಇನ್ನ ಇಲ್ಲ ಕಣ್ಲಾ. ಒಂದು ಗಂಟೆ ಅಂದ್ರೆ ಒಂದು ಗಂಟೆ."

ಬೆಳಗ್ಗೆ ನಾನು ಏಳುವಾಗಲೇ ಅಜ್ಜಿ ಸೀರೆಯುಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಗಂಟೆ ಏಳು. ಲೋಕೇಶ ಮಾತ್ರ, ಅಜ್ಜಿಯ ಅಣ್ಣನ ಮನೆಗೆ ಕೊಳಕು ಕಾರು ತಗೊಂಡು ಹೋಗುವುದೇ ಎಂದು ಬಕೆಟ್ಟು ಹಿಡಿದು ತೊಳೆಯುತ್ತಾ ಹತ್ತು ಮಾಡಿದ. ಕೊನೆಗೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಅಪ್ಪಚ್ಚಿ ಮಾಡಿ ಹೊರಟೆವು.

ಅರಕಲಗೂಡು ದಾಟಿದ ಮೇಲೆ

ಅರಕಲಗೂಡಿನವರೆಗೆ ಎಲ್ಲ ಸೊಗಸು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು ಕಿಟಕಿಯಿಲ್ಲದ ಮನೆಗಳಂತೆ ಹೊಲದ ನಡುವೆ ನಿಂತಿದ್ದವು. ಊರು ದಾಟಿ ಹೊಳೆನರಸೀಪುರದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಕಾರು ಎಡಕ್ಕೆ ಎಳೆಯತೊಡಗಿತು. ಹಿಂದಿನಿಂದ 'ದಬ ದಬ ದಬ' ಎಂಬ ಸದ್ದು.

"ಬಸು, ಏನ್ ರೋಗ ಏಳು," ಲೋಕೇಶ ಕೇಳಿದ.

ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಪಂಡಿತನಂತೆ ಆಲಿಸಿದೆ. "ಇಂಜಿನ್ನಿನ ಒಳಗ ಏನೋ ಐತಿ."

"ಪಂಚರ್ ಕಣ್ರೋ," ಅಂದರು ಅಜ್ಜಿ.

ಇಳಿದು ನೋಡಿದರೆ ಹಿಂದಿನ ಎಡಗಡೆಯ ಚಕ್ರ ನೆಲಕ್ಕೆ ಅಂಟಿ ದೋಸೆಯಾಗಿತ್ತು. ಗಂಟೆ ಹನ್ನೊಂದು. ಅಜ್ಜಿ ಇಳಿದು ರಸ್ತೆ ಬದಿಯ ಮೈಲಿಗಲ್ಲಿನ ಪಕ್ಕ ನಿಂತರು. ಚನ್ನರಾಯಪಟ್ಟಣದ ದಿಕ್ಕನ್ನೇ ನೋಡತೊಡಗಿದರು. ನನಗೆ ಅರ್ಥವಾಯಿತು. ಜಗತ್ತಿನಲ್ಲಿ ತಡವಾಗಲು ಸಾವಿರ ಕಾರಣಗಳಿವೆ. ಆ ಮನೆಯಲ್ಲಿ ಹೇಳಬಾರದ ಕಾರಣ ಒಂದೇ, ನಮಗೆ ಸಿಕ್ಕಿದ್ದೂ ಅದೇ.

"ಅಜ್ಜಿ, ನಾನು ಫೋನ್ ಮಾಡ್ಲೇನ್ರಿ? ತಾಲ್ಲೂಕು ಆಫೀಸಿನ ಸಾಹೇಬ್ರ ದನಿ ತೆಗೀತೀನಿ. 'ಸಿದ್ದೇಗೌಡ್ರೆ, ರಸ್ತೆ ಬಂದ್ ಆಗೈತಿ, ಊಟ ಮೂರಕ್ಕ ಇಟ್ಕೋರಿ' ಅಂತ..."

"ಫೋನ್ ಮುಟ್ಟುದ್ರೆ ಕೈ ಮುರೀತೀನಿ. ಚಕ್ರ ಬಿಚ್ಲಾ."

ಆಗ ಬಂತು ನನ್ನ ಅಗ್ನಿಪರೀಕ್ಷೆ. ಲೋಕೇಶ ನನ್ನ ಮುಖ ನೋಡಿದ. ನಾನು ಗಂಭೀರವಾಗಿ ಜಾಕಿ ತೆಗೆದುಕೊಂಡು ಕಾರನ್ನು ಎತ್ತಿಬಿಟ್ಟೆ. ಆಮೇಲೆ ಪಾನಾ ಹಾಕಿ ನಟ್ಟು ತಿರುಗಿಸಲು ಹೋದರೆ ನಟ್ಟಿನ ಜೊತೆ ಕಾರೇ ಅಲುಗಾಡಿತು. ಜಾಕಿ ವಾಲಿತು. "ಏಯ್ ಏಯ್ ಏಯ್!" ಎಂದು ಲೋಕೇಶ ಬಂಪರು ಹಿಡಿದುಕೊಂಡ, ಬೀಳುವ ಕಾರನ್ನು ಕೈಯಲ್ಲಿ ತಡೆಯುವವನಂತೆ.

"ನಿಂಗೆ ಬರಾಕಿಲ್ಲ ಅಲ್ವೇನೋ?" ಎಂದ.

"ಇಲ್ಲ ದೋಸ್ತ."

"ಒಂದ್ಸಲಾನೂ ಮಾಡಿಲ್ವಾ?"

"ಸದ್ದು ಅಷ್ಟ ಮಾಡೀನಿ."

ಅವನು ಹಣೆ ಚಚ್ಚಿಕೊಂಡ. "ಬಾಷಣ್ಣ ಏನೇನೋ ಏಳಿದ್ರಲ್ಲ. ನೆನಪೈತಾ?"

ನೆನಪಿರಲಿಲ್ಲ. ಒಂದಕ್ಷರವೂ ಇರಲಿಲ್ಲ. ದನಿ ಮಾತ್ರ ಗಂಟಲಲ್ಲಿ ಕೂತಿತ್ತು. ಏನಾದರಾಗಲಿ ಎಂದು ಇಲ್ಲದ ಕನ್ನಡಕ ಮೇಲೆ ತಳ್ಳಿ, ತಗಡಿನ ಡಬ್ಬ ಅಲ್ಲಾಡಿಸಿದೆ. "ನೋಡ್ರಪ್ಪ..." ಎನ್ನುತ್ತಿದ್ದಂತೆ, ಆಹಾ, ದನಿಯ ಹಿಂದೆ ಮಾತೂ ಬಂತು! "ದಾರೀಲಿ ಪಂಚರ್ ಆದ್ರೆ ಮೊದ್ಲು ಹ್ಯಾಂಡ್‌ಬ್ರೇಕ್ ಎಳೀರಿ. ಇನ್ನೊಂದು ಚಕ್ರಕ್ಕೆ ಕಲ್ಲು ಕೊಡ್ರಿ. ಗಾಡಿ ನೆಲದಲ್ಲಿರೋವಾಗ್ಲೇ ನಟ್ಟು ಒಂದೊಂದು ಸುತ್ತು ಸಡ್ಲ ಮಾಡ್ರಿ!"

"ಇಳ್ಸು, ಇಳ್ಸು ಜಾಕೀನ!" ಎಂದು ಲೋಕೇಶ ಕೂಗಿದ.

ನಾನು ಬಾಷಾ ಮೇಸ್ತ್ರಿಯಾಗಿ ಆಜ್ಞೆ ಕೊಡುತ್ತಾ ಹೋದೆ, ಅವನು ಮಾಡುತ್ತಾ ಹೋದ. ನಟ್ಟುಗಳು ಕೈಯಲ್ಲಿ ಬಗ್ಗಲಿಲ್ಲ, ಪಾನಾದ ಮೇಲೆ ಹತ್ತಿ ನಿಂತರೆ 'ಕರ್ರ್' ಎಂದು ಸಡಿಲವಾದವು. ಜಾಕಿ ಏರಿತು, ಚಕ್ರ ಕಳಚಿತು. ನನ್ನ ಜೀವನದಲ್ಲಿ ಅಷ್ಟು ಖುಷಿಯಾದದ್ದು ಕಡಿಮೆ. ಒಂದು ಇಡೀ ಚಕ್ರ ನನ್ನ ತೋಳಿನಲ್ಲಿತ್ತು! ವಿಭೂತಿ ಸಮೇತ ಸ್ಟೆಪ್ನಿಯನ್ನು ತಂದು ಕೂರಿಸಿ, ನಟ್ಟು ತಿರುಗಿಸಿ, ಜಾಕಿ ಇಳಿಸಿದೆವು.

ಸ್ಟೆಪ್ನಿ ನಿಧಾನವಾಗಿ, ಬಲು ಮರ್ಯಾದೆಯಿಂದ, ನೆಲಕ್ಕೆ ಕೂತುಬಿಟ್ಟಿತು. ಅದೂ ದೋಸೆ.

ದಸರೆಗೆ ಅದನ್ನು ತೊಳೆದಿದ್ದರು, ಒರೆಸಿದ್ದರು, ಹೂವು ಮುಡಿಸಿದ್ದರು, ಕಡ್ಡಿಕರ್ಪೂರ ಬೆಳಗಿದ್ದರು, ಬೂದುಗುಂಬಳಕಾಯಿ ಒಡೆದಿದ್ದರು. ಗಾಳಿ ಹೊಡೆಸುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಎಷ್ಟು ದಸರೆಯಿಂದಲೋ!

ಆ ಹೊತ್ತಿಗೆ ಮೇವು ಹೇರಿಕೊಂಡ ಮೊಪೆಡ್ಡಿನಲ್ಲಿ ಒಬ್ಬ ರೈತರು ಬಂದು ಕಾಲೂರಿದರು. ಗಾಳಿ ಹೊಡೆಯುವ ಪಂಪು ತಮ್ಮ ಮನೆಯಲ್ಲಿದೆ, ಮನೆ ಅಲ್ಲೇ ತಿರುವಿನಲ್ಲಿ ಎಂದರು. ನಾನು ಕೈ ಮುಗಿಯಬೇಕು, ಅಷ್ಟರಲ್ಲಿ ಅವರು ಸ್ಟ್ಯಾಂಡು ಹಾಕಿ ಇಳಿದೇಬಿಟ್ಟರು.

"ಯಾವೂರಾಯ್ತು ನಿಮ್ದು?"

"ಮಲ್ಲಿಪಟ್ಟಣ," ಅಂದ ಲೋಕೇಶ.

"ಯಾರ್ ಮಗ ನೀನು?"

ಹೇಳಿದ. ಅವರ ಅಪ್ಪ? ಹೇಳಿದ. ಅಜ್ಜಿಯ ತವರು? ಅಜ್ಜಿಯೇ ಹೇಳಿದರು. ಅಲ್ಲಿ ತೋಟದ ಮನೆಯವರೋ, ಊರೊಳಗಿನವರೋ? ನಮ್ಮ ಕಡೆ ನೀರು ಕೇಳಿದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಊರು ಕೇಳುತ್ತೇವೆ. ಇಲ್ಲಿ ಸಂಬಂಧ ಗೊತ್ತಾಗದೆ ಗಾಳಿ ಸಹ ಸಿಗುವುದಿಲ್ಲ. ಹತ್ತು ನಿಮಿಷ ಅವರೂ ಅಜ್ಜಿಯೂ ಸೇರಿ ಮೂರು ತಾಲ್ಲೂಕಿನ ಬೀಗರನ್ನು ಜಾಲಾಡಿದರು. ನಾನು ಗಡಿಯಾರ ನೋಡುತ್ತಾ ಕುಣಿಯುತ್ತಿದ್ದೆ. ಕೊನೆಗೆ ಅವರ ಮುಖ ಅರಳಿತು.

"ಅಂಗಾದ್ರೆ ನೀವು ನಮ್ಗೆ ಅತ್ತೆ ಆಗ್ಬೇಕು ಕಣವ್ವ! ಮೊದ್ಲೇ ಏಳ್ಬಾರ್ದಾ?" ಎಂದವರೇ ಮೇವಿನ ಸಮೇತ ಹಾರಿಹೋಗಿ ಪಂಪು ತಂದರು.

ಅದು ಸೈಕಲ್ಲಿಗೆ ಗಾಳಿ ಹೊಡೆಯುವ ಕೈಪಂಪು. ಕಾರಿನ ಚಕ್ರಕ್ಕೆ ಅದರಲ್ಲಿ ಗಾಳಿ ತುಂಬುವುದೆಂದರೆ ಚಮಚದಲ್ಲಿ ಕೆರೆ ತುಂಬಿದಂತೆ. ನಾನು ನೂರು ಹೊಡೆದೆ, ಲೋಕೇಶ ನೂರು ಹೊಡೆದ, ರೈತರು ನಗುನಗುತ್ತಾ ಇನ್ನೂರು ಹೊಡೆದರು. ಅಜ್ಜಿ ಎಣಿಸಿದರು. ಅವರ ಪ್ರಕಾರ ನಾನು ಹೊಡೆದದ್ದು ಎಂಬತ್ತೇ. ಚಕ್ರ ಒಂದಿಷ್ಟು ಎದ್ದು ನಿಂತಿತು. ಹೊಳೆನರಸೀಪುರದಲ್ಲಿ ಸರಿಯಾಗಿ ಗಾಳಿ ಹಿಡಿಸಿಕೊಳ್ಳಿ, ಮೆಲ್ಲಗೆ ಹೋಗಿ ಎಂದು ಬೀಳ್ಕೊಟ್ಟರು. ಹನ್ನೆರಡೂ ಕಾಲು.

ಮೆಲ್ಲಗೆ ಹೊರಟೆವು. ಐದು ನಿಮಿಷ ಆಗಿರಬೇಕು, ಹಿಂದಿನಿಂದ ಹೊಸ ಸದ್ದು. ಕಟಕ್... ಕಟಕ್... ಕಟಕ್. ಜೋರು ಹೋದರೆ ಕಟಕಟಕಟ. ಸ್ಟೇರಿಂಗು ಚಳಿಜ್ವರ ಬಂದಂತೆ ನಡುಗಿತು. ನಿಲ್ಲಿಸಿದರೆ ಸದ್ದೂ ನಿಂತಿತು.

"ಓಗೋಣ ಬಿಡು, ಒತ್ತಾಯ್ತು," ಅಂದ ಲೋಕೇಶ.

ನನಗೆ ಯಾಕೋ ಧೈರ್ಯ ಬರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಅದು ಒಳ್ಳೆಯ ಸದ್ದಲ್ಲ ಎಂದು ನನ್ನ ಕಿವಿಗೆ ಗೊತ್ತಿತ್ತು. ಬಾಷಾ ಮೇಸ್ತ್ರಿಗೆ ಫೋನ್ ಮಾಡಿಸಿದೆ. ಕಾರು ನಿಂತಿತ್ತು, ಕೇಳಿಸಲು ಸದ್ದಿರಲಿಲ್ಲ. ಹಾಗಾಗಿ ನಾನೇ ಕಾರಾದೆ. ಫೋನಿಗೆ ಬಾಯಿ ಹಚ್ಚಿ ಮೆಲ್ಲಗೆ ಹೊರಟೆ, ಗೇರು ಬದಲಿಸಿದೆ, ಕಟಕ್ ಕಟಕ್ ಅಂದೆ, ಸ್ಟೇರಿಂಗಿನ ನಡುಕವನ್ನೂ ಗಂಟಲಲ್ಲಿ ನಡುಗಿಸಿದೆ.

ಆ ಕಡೆಯಿಂದ ಸಿಡಿಲು.

"ಇಳೀರಿ ಎಲ್ಲಾ! ಒಂದಡಿ ಓಡಿಸ್ಬೇಡ್ರಿ! ನಟ್ಟು ಲೂಸ್ ಆಗಿದಾವೆ, ಚಕ್ರ ಕಳಚಿ ಹೋಗುತ್ತೆ! ಜಾಕಿ ಇಳಿಸಿದ್ಮೇಲೆ, ಚಕ್ರ ನೆಲಕ್ಕೆ ಕೂತ್ಮೇಲೆ, ಇನ್ನೊಂದ್ಸಲ ಬಿಗೀರಿ ಅಂತ ಹೇಳೋಕೆ ಬಂದ್ರೆ ಟೀ ಕುಡೀರಿ ಅಂದ್ಯಲ್ಲೋ ಭಾಯ್!"

ಹಿಂದಿನ ಸೀಟಿನಲ್ಲಿ, ಆ ಚಕ್ರದ ಮೇಲೆಯೇ, ಅಜ್ಜಿ ಕೂತಿದ್ದರು. ಜನ ನಕ್ಕರು ಎಂದು ನಾನು ನುಂಗಿದ ಮಾತು ಅದು.

ಇಳಿದು ನೋಡಿದರೆ ನಟ್ಟುಗಳು ಕೈಯಲ್ಲೇ ತಿರುಗುತ್ತಿದ್ದವು. ಲೋಕೇಶ ಪಾನಾ ತಂದ. ಅಜ್ಜಿ ಅದನ್ನು ಅವನ ಕೈಯಿಂದ ಕಸಿದುಕೊಂಡರು.

"ಆಚೆ ನ್ಯಡೀರಿ ಇಬ್ರೂವೆ. ನಿಮ್ಮನ್ನ ನಂಬ್ಕಂಡ್ರೆ ನಾನು ಅಣ್ಣನ ಮನೆಗಲ್ಲ, ಶಿವನ ಪಾದಕ್ಕೆ ಓಯ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಒಂದೊಂದು ನಟ್ಟನ್ನೂ ಮೊದಲು ಬೆರಳಲ್ಲಿ ಕೂರಿಸಿದರು. ಮೇಸ್ತ್ರಿ ಫೋನಿನಲ್ಲಿ ಹೇಳಿದಂತೆ, ಒಂದಾದ ಮೇಲೆ ಅದರ ಎದುರಿನದು, ಆಮೇಲೆ ಅದರ ಎದುರಿನದು. ನಂತರ ಪಾನಾ ಸಿಕ್ಕಿಸಿ, ನನ್ನ ಭುಜ ಹಿಡಿದುಕೊಂಡು, ಅದರ ಮೇಲೆ ಹತ್ತಿ ನಿಂತು ಬಿಗಿದರು. ನಲವತ್ತು ಕೆಜಿ ಇರಬಹುದು ಅವರ ತೂಕ. ಹನ್ನೆರಡು ವರ್ಷದ ಸಿಟ್ಟು ಸೇರಿ ನಾಲ್ಕು ಕ್ವಿಂಟಲ್ ಬಿತ್ತು.

ಹೊಳೆನರಸೀಪುರ

ಹೇಮಾವತಿಯ ಸೇತುವೆ ಕಂಡಾಗ ಒಂದು ಗಂಟೆಗೆ ಐದು ನಿಮಿಷ ಬಾಕಿ. ಚನ್ನರಾಯಪಟ್ಟಣ ಇನ್ನೂ ಮುಕ್ಕಾಲು ಗಂಟೆಯ ದಾರಿ. ಪಂಚರ್ ಅಂಗಡಿಯಲ್ಲಿ ಗಾಳಿ ಹಿಡಿಸಿ, ನಟ್ಟುಗಳನ್ನು ಇನ್ನೊಮ್ಮೆ ನೋಡಿಸಿದೆವು. ಅಂಗಡಿಯವರು ಪಾನಾ ಹಾಕಿ ಒತ್ತಿ, "ಯಾರ್ ಸಾ ಬಿಗ್ದಿರದು? ಒಂದಿಂಚೂ ಜಗ್ತಿಲ್ಲ," ಎಂದರು. ಒಡೆದ ಚಕ್ರ ಬಿಡಿ, ನಾಳೆ ಕೊಡ್ತೀನಿ ಎಂದರು. ಬಿಟ್ಟೆವು.

ಅಜ್ಜಿ ಕೈಯನ್ನೂ ತೊಳೆಯಲಿಲ್ಲ. ಸೋಪು ತರುತ್ತೇನೆಂದರೆ ಬೇಡವೆಂದರು. ಗ್ರೀಸಿನ ಕೈಗಳನ್ನು ಸೀರೆಗೆ ತಾಗದಂತೆ ಮಡಿಲ ಮೇಲೆ ಎತ್ತಿ ಹಿಡಿದು, ಕಿಟಕಿಯ ಹೊರಗೆ ತೆಂಗಿನಮರ ನೋಡುತ್ತಾ ಕೂತರು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ನಾನು ಕೂಡ. ನನ್ನನ್ನು ಬಲ್ಲವರಿಗೆ ಇದೇ ಆ ಪ್ರವಾಸದ ದೊಡ್ಡ ಸುದ್ದಿ.

ಚನ್ನರಾಯಪಟ್ಟಣ

ಎರಡೂ ಹತ್ತು. ಪಡಸಾಲೆಯ ಬಾಗಿಲಿನಿಂದಲೇ ಕಂಡಿತು: ನಾಲ್ಕು ಬಾಳೆಲೆ ಹಾಸಿತ್ತು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ನೀರಿನ ಲೋಟ. ಎಲೆಗಳ ಅಂಚು ಬಾಡಿತ್ತು. ಒಂದು ಎಲೆಯ ಮುಂದೆ ಬಿಳಿ ಪಂಚೆಯ ಸಿದ್ದೇಗೌಡರು ಒಂದು ಗಂಟೆಯಿಂದ ಹಾಗೇ ಕೂತಿದ್ದರಂತೆ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

ಸಿದ್ದೇಗೌಡರು ತಲೆಯೆತ್ತಲಿಲ್ಲ. "ಏಳು. ಇವತ್ತೇನಾಯ್ತು?"

ನನ್ನ ಹತ್ತಿರ ಅಷ್ಟು ದನಿಗಳಿದ್ದವು, ಒಂದೂ ಹೊರಡಲಿಲ್ಲ. ಅಜ್ಜಿ ಮುಂದೆ ಹೋಗಿ ಎರಡೂ ಅಂಗೈಗಳನ್ನು ಅಣ್ಣನ ಮುಖದ ಮುಂದೆ ಚಾಚಿದರು. ಮೊಣಕೈವರೆಗೂ ಕಪ್ಪು. ಉಗುರುಸಂದಿಯಲ್ಲೆಲ್ಲ ಗ್ರೀಸು.

ಅವರು ಆ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಮೂಸಿದರು.

"ಚಕ್ರದ್ ನಟ್ಟು ನೀನ್ ಬಿಗುದ್ಯಾ?"

"ಇನ್ಯಾರ್ ಬಿಗೀತಾರೆ ಅಣ್ಣಯ್ಯ? ಒಬ್ಬ ಕಾರ್ ತೊಳಿಯಾಕ್ ಲಾಯ್ಕು, ಇನ್ನೊಬ್ಬ ಬಾಯಲ್ ಸದ್ದು ಮಾಡಾಕ್ ಲಾಯ್ಕು."

ಸಿದ್ದೇಗೌಡರು ಎದ್ದು ತಂಗಿಯನ್ನು ಹಿತ್ತಲ ತೊಟ್ಟಿಗೆ ಕರೆದೊಯ್ದರು. ಕೊಬ್ಬರಿ ಎಣ್ಣೆ ಸುರಿದು ಬೆರಳು ಬೆರಳಾಗಿ ತಾವೇ ತಿಕ್ಕಿದರು. ಮೇಲೆ ಸೋಪಿನ ಪುಡಿ, ಮತ್ತೆ ಎಣ್ಣೆ. ಬಂದು ಕೂತಾಗ ಬಾಡಿದ ಎಲೆ ತೆಗೆದು ಹೊಸ ಎಲೆ ಹಾಕಿದರು. ಬಿಸಿ ಮುದ್ದೆ, ಹಿಚುಕಿದ ಅವರೆಕಾಳಿನ ಸಾರು. ಅಜ್ಜಿ ಮೊದಲ ತುತ್ತು ಮುರಿದರು.

ಆಗ ಅಣ್ಣ, ತಮ್ಮ ಎಲೆಯನ್ನೇ ನೋಡುತ್ತಾ ಹೇಳಿದರು: "ಅವತ್ತು ಅಷ್ಟು ಜನದ್ ಮುಂದೆ ಸುಳ್ಳಿ ಅಂದ್ಬುಟ್ಟೆ. ಟೈರು ಪಂಚರ್ ಆದ್ರೆ ಯಾರ್ ಏನ್ ಮಾಡಕಾಯ್ತದೆ? ತಪ್ಪು ನಂದೇ ಕಣವ್ವ. ಮನ್ಸಲ್ ಮಡಿಕಬ್ಯಾಡ."

ಅಜ್ಜಿಯ ಕೈ ನಿಂತಿತು. ಕ್ಷಮೆ ಸಿಕ್ಕಿತ್ತು, ಗೆದ್ದಿದ್ದರು. ತುತ್ತು ನುಂಗಿದರೆ ಕತೆ ಮುಗಿಯುತ್ತಿತ್ತು. ಅವರು ತುತ್ತನ್ನು ವಾಪಸ್ ಎಲೆಯ ಮೇಲೆ ಇಟ್ಟರು.

"ಅಣ್ಣಯ್ಯ. ಅವತ್ತು ಪಂಚರ್ ಆಗಿರ್ನಿಲ್ಲ."

ಲೋಕೇಶನ ನೆತ್ತಿಗೆ ಸಾರು ಹತ್ತಿತು.

"ರೇಷ್ಮೆ ಸೀರೇದು ಕುಬ್ಸ ಒಲ್ದಿರ್ನಿಲ್ಲ ಟೈಲರ್ರು. ಸೋದರತ್ತೆ ಅಳೇ ಕುಬ್ಸ ಆಕ್ಕಂಡ್ ಎಂಗ್ ನಿಂತ್ಕಳದು ಅಂತ ಅವನ್ ಅಂಗ್ಡೀಲೇ ಕುಂತಿದ್ದೆ. ಗುಂಡಿ ಒಲಿಯೋದ್ರಲ್ಲಿ ಮುಹೂರ್ತ ಮೀರೋಗಿತ್ತು. ನಿಮ್ ಭಾವನೂ ಸಾಯೋಗಂಟ ಯಾರ್ಗೂ ಬಾಯ್ ಬಿಡ್ನಿಲ್ಲ."

ಸಿದ್ದೇಗೌಡರ ಹೆಂಡತಿಯ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಹೊರಡಲು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದು ನಾನು ಕಣ್ಣಲ್ಲೇ ಹುಡುಕಿದೆ.

ಸಿದ್ದೇಗೌಡರ ಮುಖ ಕೆಂಪಾಯಿತು, ಕೆನ್ನೆ ಉಬ್ಬಿತು, ಮೈ ಅಲುಗತೊಡಗಿತು. ಬಿದ್ದೇ ಹೋಗುತ್ತಾರೆ ಎಂದುಕೊಂಡೆ. ಅವರು ಎಡಗೈಯಿಂದ ತೊಡೆ ಚಪ್ಪರಿಸಿ ಎದ್ದು ನಿಂತರು.

"ಲೇ ಕೇಳುದ್ಯೇನೇ! ಪಂಚರ್ ಆಗಿರ್ನಿಲ್ವಂತೆ! ನಾನ್ ಅವತ್ತೇ ಏಳಿರ್ನಿಲ್ವಾ? ಅನ್ನೆಲ್ಡು ವರ್ಷ ನಂದೇ ತಪ್ಪು, ನಂದೇ ತಪ್ಪು ಅಂತ ನನ್ ಪ್ರಾಣ ತಿಂದ್ರಲ್ಲ ಎಲ್ಲಾ ಸೇರ್ಕಂಡು! ಎಲ್ಲೇ ಫೋನು?"

ಮುದ್ದೆ ಮೆತ್ತಿದ ಬಲಗೈಯನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಮಗಳಿಗೆ ಫೋನ್ ಹಚ್ಚಿದರು. ಆ ಮದುವೆಯ ಹೆಣ್ಣು ಆಕೆಯೇ. ಕಣ್ಣಲ್ಲಿ ನೀರು, ಬಾಯಿ ತುಂಬಾ ನಗು, ದನಿ ಬೀದಿಯ ತುದಿಯವರೆಗೂ.

"ಅವ್ವಾ, ನಿಮ್ಮತ್ತೆ ಬಂದವ್ಳೆ ಕಣವ್ವ! ನಿನ್ ಮದ್ವೇಲಿ ಏನಾಗಿತ್ತು ಗೊತ್ತಾ? ಪಂಚರ್ರೂ ಇಲ್ಲ ಗಿಂಚರ್ರೂ ಇಲ್ಲ! ಟೈಲರ್ ಅಂಗ್ಡೀಲಿ..."

"ಇಲ್ ಕೊಡಣ್ಣಯ್ಯ ಫೋನು," ಎಂದು ಎಲೆಯ ಮುಂದಿನಿಂದ ಅಜ್ಜಿ ಕೂಗಿದರು, ಬಾಯಲ್ಲಿ ತುತ್ತಿಟ್ಟುಕೊಂಡೇ. "ಕುಬ್ಸದ್ ಇಚಾರ ನಾನ್ ಏಳ್ತೀನಿ. ನೀನ್ ಏಳುದ್ರೆ ಕೆಡುಸ್ಬುಡ್ತೀಯ."